ನಮಗೆ ಸಮುದ್ರ ತೋರಿಸಿದ ದಿನ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಇದನ್ನು ಮೊದಲು ಬರೆದುಬಿಡುತ್ತೇನೆ. ಈ ಮಾತನ್ನು ಬಾಯಲ್ಲಿಟ್ಟುಕೊಂಡು ಬೇರೆ ಮಾತಾಡಲು ನನ್ನಿಂದ ಆಗುತ್ತಿಲ್ಲ. ಹಾಲು ತರುವವಳಿಗೆ ಹೇಳಿದೆ, ಬಾವಿಕಟ್ಟೆಗೆ ಬಂದ ಗುರುತಿಲ್ಲದ ಹೆಂಗಸಿಗೂ ಹೇಳಿದೆ. ಅವಳಿಗೆ ಕೊಂಕಣಿ ಬಿಟ್ಟರೆ ಬೇರೇನೂ ಬಾರದು, ಆದರೂ ನಕ್ಕಳು. ಮಗುವಿಗೆ ತಲೆ ತುಂಬ ಕೂದಲು. ಮೂಗು ನಮ್ಮ ಕಡೆಯದು. ಗಂಟಲು ಯಾರ ಕಡೆಯದೋ ತಿಳಿಯದು, ಅತ್ತರೆ ಬೀದಿಯ ಕೊನೆಯ ಅಂಗಡಿಯವನು ತಕ್ಕಡಿ ಬಿಟ್ಟು ತಲೆ ಎತ್ತುತ್ತಾನೆ.

ಅವಳು ಹುಟ್ಟುವಾಗ ನೀನೆಲ್ಲಿದ್ದೆ ಎಂದು ಊರಿಗೆ ಹೋದಮೇಲೆ ಎಲ್ಲರೂ ಕೇಳುತ್ತಾರೆ. ನಾನು ಬಾಗಿಲಲ್ಲಿ ಇರಲಿಲ್ಲ. ಬಿಸಿನೀರು ಕಾಯಿಸುತ್ತಿರಲಿಲ್ಲ. ಬಾಡಿಗೆ ಕಾರಿನಲ್ಲಿ ಕುಳಿತು ಸಮುದ್ರ ನೋಡುತ್ತಿದ್ದೆ. ಹೆತ್ತ ತಾಯಿ ಇಂಥ ಕೆಲಸ ಮಾಡಿದಳೇ ಎಂದು ಅವರು ಮೂಗಿನ ಮೇಲೆ ಬೆರಳಿಡುವ ಮುಂಚೆ ನಾನೇ ಹೇಳಿಕೊಂಡುಬಿಡುವುದು ಮೇಲು.

ನಮ್ಮದು ಕಡೂರು ಸೀಮೆಯ ಒಂದು ಊರು. ನಮ್ಮ ಯಜಮಾನರು ಊರ ಕೆರೆಯ ನೀರುಗಂಟಿ, ಅಂದರೆ ತೂಬು ತೆಗೆದು, ಸರದಿಯ ಪ್ರಕಾರ ಗದ್ದೆಗದ್ದೆಗೂ ನೀರು ಬಿಡುವವರು. ಮಗಳು ರತ್ನನನ್ನು ತರೀಕೆರೆಯ ಬಸವರಾಜುವಿಗೆ ಕೊಟ್ಟಿದ್ದೇವೆ. ಅಳಿಯ ಓವರ್ಸಿಯರು. ಸೇತುವೆ ಕಟ್ಟಿಸುವ ಕೆಲಸದ ಮೇಲೆ ಅವರನ್ನು ಕುಂದಾಪುರಕ್ಕೆ ಹಾಕಿದ್ದಾರೆ. ಮೊದಲ ಹೆರಿಗೆ ತವರಲ್ಲಾಗಬೇಕು, ನಮ್ಮಲ್ಲಿ ಇದಕ್ಕೆ ಎರಡು ಮಾತಿಲ್ಲ. ಆದರೆ ರತ್ನನ ಕಾಲು ಊದಿತ್ತು. ಬಸ್ಸಿನಲ್ಲಿ ಘಾಟಿ ಹತ್ತಿಸಕೂಡದು ಎಂದು ಅಲ್ಲಿಯ ಡಾಕ್ಟರಮ್ಮ ಹೇಳಿಬಿಟ್ಟರು. ಮಗಳು ತವರಿಗೆ ಬಾರದಿದ್ದರೆ ತವರೇ ಮಗಳ ಹತ್ತಿರ ಹೋಗಬೇಕು. ಬೆಳ್ಳುಳ್ಳಿ, ಮೆಣಸು, ಹಳೆಯ ಸೀರೆ, ಅಂತರಘಟ್ಟಮ್ಮನ ಬಂಡಾರ, ಎಲ್ಲವನ್ನೂ ಗಂಟು ಕಟ್ಟಿಕೊಂಡು ಬೀರೂರಿನಲ್ಲಿ ರೈಲು ಹತ್ತಿ, ಶಿವಮೊಗ್ಗದಲ್ಲಿ ಬಸ್ಸು ಹಿಡಿದು, ಘಾಟಿಯ ತಿರುವಿಗೊಮ್ಮೆ ದೇವರ ಹೆಸರು ಹೇಳುತ್ತ ಇಳಿದೆವು.

ಬಂದ ಕೆಲವೇ ದಿನಕ್ಕೆ ರತ್ನನನ್ನು ಆಸ್ಪತ್ರೆಗೆ ಸೇರಿಸಿದರು. ‘ಸುಮ್ಮನೆ ನೋಡೋದಕ್ಕೆ’ ಅಂದರು. ಮರುದಿನ ಬೆಳಗ್ಗೆ ನಾನು ಆಸ್ಪತ್ರೆಗೆ ಹೊರಡಲು ಸೆರಗು ಸರಿಮಾಡಿಕೊಳ್ಳುತ್ತಿದ್ದರೆ ಬಾಗಿಲಲ್ಲಿ ಕಾರು ನಿಂತಿತು.

“ಅತ್ತೆ, ಇನ್ನೂ ಎರಡು ದಿನ ಆಗುತ್ತಂತೆ. ಅಷ್ಟರಲ್ಲಿ ಸಮುದ್ರ ನೋಡ್ಕೊಂಡು ಬನ್ನಿ. ಡ್ರೈವರ್ ಶೀನಣ್ಣ ಒಳ್ಳೆಯವರು, ಒಂದೊಂದು ಜಾಗಾನೂ ನಿಲ್ಲಿಸಿ ವಿವರ ಹೇಳ್ತಾರೆ,” ಎಂದರು ಅಳಿಯ. ಹೇಳುವಾಗ ನನ್ನ ಮುಖ ನೋಡಲಿಲ್ಲ. ಅಳಿಯ ಅತ್ತೆಯ ಮುಖ ನೋಡದಿರುವುದು ಮರ್ಯಾದೆ ಎಂದುಕೊಂಡೆ.

“ನಂಗ್ಯಾಕಪ್ಪಾ ಸಮುದ್ರ?” ಅಂದೆ.

ಯಜಮಾನರು ಆಗಲೇ ರುಮಾಲು ಸುತ್ತಿ ಕಾರಿನ ಮುಂದಿನ ಸೀಟಿನಲ್ಲಿ ಕುಳಿತಿದ್ದರು. “ಬಾರೇ, ಹುಡುಗ ಆಸೆಯಿಂದ ಹೇಳ್ತವ್ನೆ,” ಅಂದರು. ನನ್ನನ್ನು ಬೀರೂರಿನ ಸಂತೆಗೂ ಕರೆದುಕೊಂಡು ಹೋಗದ ಮನುಷ್ಯ. ನಾನು ಅಲ್ಲೇ ಅನುಮಾನಪಡಬೇಕಿತ್ತು. ಪಡಲಿಲ್ಲ. ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಬುತ್ತಿ ಕಟ್ಟಿಕೊಂಡು ಹತ್ತಿದೆ.

ಊರು ದಾಟುತ್ತಲೇ ಹೊಳೆ. ಸೇತುವೆಯ ಕಂಬಗಳು ಇನ್ನೂ ಮೊಣಕಾಲೆತ್ತರ ಎದ್ದಿದ್ದವು. ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹಾಸಿದ್ದರು. ಅದರ ಮೇಲೆ ಕಾರನ್ನು ಹತ್ತಿಸಿ ಆಚೆ ದಡಕ್ಕೆ ದಾಟಿಸಿದರು. ಹೊಳೆ ತುಂಬಿ ದಡ ನೆಕ್ಕುತ್ತಿತ್ತು.

“ಕಾಣಿ ಅಮ್ಮ,” ಎಂದು ಶೀನಣ್ಣ ಶುರುಮಾಡಿದ. “ಇಲ್ಲೇ ಮದುವೆ ದಿಬ್ಬಣದ್ ದೋಣಿ ಮಗುಚಿದ್. ಮದುಮಗ ಒಬ್ಬನೇ ಸಿಕ್ದ, ಅದೂ ಮೂರನೇ ದಿನ.”

ಅದು ಮೊದಲನೆಯದು. ಆಮೇಲೆ ನಿಲ್ಲಿಸಿದ ಒಂದೊಂದು ಜಾಗಕ್ಕೂ ಅವನ ಹತ್ತಿರ ಒಂದೊಂದು ಹೆಣವಿತ್ತು. ಆನೆಯ ಬೆನ್ನಿನ ಹಾಗೆ ನುಣುಪಾದ ಒಂದು ಬಂಡೆ ತೋರಿಸಿದ, ನೋಡಲು ಚೆಂದವೇ ಇತ್ತು. ಚಿಪ್ಪು ಆಯಲು ಹೋದ ತಾಯಿಮಕ್ಕಳನ್ನು ಅಲೆ ಅದರ ಮೇಲಿಂದ ಎಳೆದುಕೊಂಡಿತ್ತಂತೆ. ತೆಂಗಿನಮರ ಸಾಲಾಗಿ ಬಾಗಿದ್ದ ಒಂದು ದಡದಲ್ಲಿ ಕಾರು ನಿಲ್ಲಿಸಿ, ಮೀನಿಗೆ ಹೋದವರು ಬಾರದ ವರ್ಷ ಅಲ್ಲಿ ಹೆಂಗಸರು ಎಷ್ಟು ದಿನ ಕುಳಿತಿದ್ದರು ಎಂದು ವಿವರಿಸಿದ. ನಮಗೆ ಉಲ್ಲಾಸವಾಗಲಿ ಎಂದು ಗೊತ್ತುಮಾಡಿದ ಮನುಷ್ಯ ಇವನು. ಕೆಟ್ಟವನಲ್ಲ. ಹೇಳುವಾಗ ದನಿ ತಗ್ಗಿಸುತ್ತಿದ್ದ, ಟೋಪಿ ತೆಗೆಯುತ್ತಿದ್ದ, ಮುಗಿದ ಮೇಲೆ “ಬನ್ನಿ, ಮುಂದಿನ್ ಜಾಗ ಇನ್ನೂ ಲಾಯ್ಕಿದೆ” ಎನ್ನುತ್ತಿದ್ದ.

ಯಜಮಾನರು ಹಿಂದಕ್ಕೆ ತಿರುಗಿ ನನ್ನನ್ನು ನೋಡಿದರು. “ಇವನು ನಿನ್ನ ಒಡಹುಟ್ಟಿದೋನು ಕಣೇ. ಜಾತ್ರೇಲಿ ಕಳ್ಕೊಂಡಿದ್ರೇನೋ.”

ನನಗೆ ಸಿಟ್ಟು ಬಂತು. ಬಂದದ್ದು ಅವರ ಮಾತಿನಲ್ಲಿ ನಿಜವಿದ್ದುದರಿಂದ. ನಮ್ಮೂರ ಬೀದಿಯಲ್ಲಿ ನನ್ನ ಜೊತೆ ನಡೆದು ನೋಡಿ. ಇದು ನಿಂಗಿಯ ಮನೆ, ಎರಡನೆಯ ಹೆರಿಗೆಗೆ ಹೋದಳು. ಆ ನೀಲಿ ಬಾಗಿಲು ಶಾನುಭೋಗರ ಸೊಸೆಯದು, ಮಗು ಉಳಿಯಿತು, ಅವಳು ಉಳಿಯಲಿಲ್ಲ. ಕೊನೆಯದು ನಮ್ಮ ತವರುಮನೆ, ಅಲ್ಲಿ ನನ್ನ ಸ್ವಂತ ಅಕ್ಕ, ಗೌರಕ್ಕ. ಅವಳು ಹೋಗುವಾಗ ನಾನೇ ಬುಡ್ಡಿದೀಪ ಹಿಡಿದುಕೊಂಡು ನಿಂತಿದ್ದೆ. ದೀಪ ಸರಿಯಾಗಿ ಹಿಡಿ ಎಂದು ಸೂಲಗಿತ್ತಿ ಬೈದಿದ್ದಳು. ಇದನ್ನೆಲ್ಲ ನಾನು ಹೆದರಿಸಲು ಹೇಳುವುದಿಲ್ಲ. ಗೌರಕ್ಕನ ಹೆಸರಿನಲ್ಲಿ ಕಲ್ಲಿಲ್ಲ, ಪಟವಿಲ್ಲ. ನಾನು ಹೇಳದಿದ್ದರೆ ಅಂಥವಳೊಬ್ಬಳಿದ್ದಳು ಎಂದು ಯಾರಿಗೆ ಗೊತ್ತಾಗಬೇಕು? ರತ್ನ ಚಿಕ್ಕವಳಾಗಿದ್ದಾಗಿನಿಂದ ಕೇಳುತ್ತ ಬಂದಿದ್ದಾಳೆ. ಬಸುರಿಯಾದ ಮೇಲೂ ನನ್ನ ಬಾಯಿ ತಪ್ಪಿ ಒಂದೆರಡು ಸಲ ಬಂದಿರಬಹುದು.

ಮರವಂತೆ ಎಂಬಲ್ಲಿ ಇಳಿದೆವು. ರಸ್ತೆಯ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಹೊಳೆ. ನೋಡಲು ದೂರದೂರದಿಂದ ಬರುತ್ತಾರಂತೆ. ನಮ್ಮ ಯಜಮಾನರು ಸೊಂಟದ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ನಿಂತರು. ಆಮೇಲೆ ಕೇಳಿದರು: “ಇದಕ್ಕೆ ಏರಿ ಎಲ್ಲೈತಪ್ಪಾ? ತೂಬು?”

“ಸಮುದ್ರಕ್ಕೆ ಎಂತ ತೂಬು ಮಾರಾಯ್ರೆ?”

“ಹಂಗಾರೆ ಹಿಡಿಯೋರ್ಯಾರು ಇದನ್ನ?”

ಶೀನಣ್ಣ ನಕ್ಕ. ನನಗೆ ನಗು ಬರಲಿಲ್ಲ. ನಮ್ಮ ಕೆರೆಯ ಮುಂದೆ ನಿಂತರೆ ಆಚೆ ದಡ ಕಾಣುತ್ತದೆ, ಆಚೆ ದಡದಲ್ಲಿ ಮೇಯುವ ಎಮ್ಮೆ ಯಾರದೆಂದೂ ಹೇಳಬಹುದು. ಇಲ್ಲಿ ಆಚೆ ದಡವೇ ಇಲ್ಲ. ಚೆಂದವಿದೆ ಎನ್ನುವವರು ಎನ್ನಲಿ. ಏರಿಯಿಲ್ಲದ ಅಷ್ಟೊಂದು ನೀರು, ಯಾರ ಮಾತೂ ಕೇಳದೆ, ಮೈ ಹೊರಳಿಸಿ ನಿಟ್ಟುಸಿರು ಬಿಡುತ್ತಿತ್ತು. ಹೆರಿಗೆ ಕೋಣೆಯ ಬಾಗಿಲ ಹೊರಗೆ ಕೇಳುವ ಶಬ್ದ ಅದು. ಬೆಳಗ್ಗೆ ದಡದ ಹತ್ತಿರವಿದ್ದ ನೀರು ದೂರ ಸರಿದು, ಒದ್ದೆ ಮರಳು ಉಳಿದಿತ್ತು. ಮಳೆ ನಿಂತ ಮೇಲೆ ಕೆರೆ ತಿಂಗಳುಗಟ್ಟಲೆ ಹಿಂದೆ ಸರಿಯುವಷ್ಟು ಅದು ಅರ್ಧ ದಿನದಲ್ಲಿ ಸರಿದಿತ್ತು. ನೀರು ಹಾಗೆ ಹಿಂದೆ ಹೋಗುವುದು ನಮ್ಮ ಕಡೆ ಒಳ್ಳೆಯದಲ್ಲ. ಬುತ್ತಿ ಬಿಚ್ಚಲು ಮನಸ್ಸು ಬರಲಿಲ್ಲ.

“ಸಾಕು ಕಣಪ್ಪಾ, ತಿರುಗಿಸು ಕಾರನ್ನ. ಮಗಳನ್ನ ನೋಡಬೇಕು,” ಅಂದೆ.

“ಈಗಲೇ ಎಂತಕ್ಕೆ ಅಮ್ಮ? ದೀಪ ಹಚ್ಚುವರೆಗೆ ಕರ್ಕೊಂಡ್ ಬರ್ಬೇಡಿ ಅಂದಿದ್ರಲ್ದಾ ಓವರ್ಸಿಯರು...” ಎಂದವನು ಅಲ್ಲಿಗೇ ನಿಲ್ಲಿಸಿ ಯಜಮಾನರ ಕಡೆ ನೋಡಿದ.

ಯಜಮಾನರು ಸಮುದ್ರದ ಕಡೆ ನೋಡಿದರು.

“ಏನ್ರೀ?” ಅಂದೆ.

ಅವರು ರುಮಾಲು ಬಿಚ್ಚಿ ಮುಖ ಒರೆಸಿಕೊಂಡರು. “ಮಗು ಅಡ್ಡ ನಿಂತೈತಂತೆ ಕಣೇ. ರಾತ್ರಿನೇ ನೋವು ಶುರುವಾಗೈತೆ. ಡಾಕ್ಟ್ರಮ್ಮ ಕೈಯಲ್ಲಿ ತಿರುಗಿಸಿ ನೋಡ್ತೀನಿ ಅಂದವ್ರೆ. ಆಗದಿದ್ರೆ ಕೊಯ್ಬೇಕಂತೆ.”

“ನಿಮಗೆ ಗೊತ್ತಿತ್ತು.”

“ಗೊತ್ತಿತ್ತು.”

ಗೌರಕ್ಕನ ಮಗುವೂ ಅಡ್ಡ ನಿಂತಿತ್ತು. ಅದು ಅವರಿಗೂ ಗೊತ್ತು. ನಾನು ಹೋಗಿ ಕಾರಿನಲ್ಲಿ ಕುಳಿತೆ. ಶೀನಣ್ಣ ಬಂದ ದಾರಿಯನ್ನೇ ಹಿಡಿದು ಬಿಟ್ಟ. ಬೆಳಗ್ಗೆ ವಿವರಿಸಿದ ಜಾಗಗಳೆಲ್ಲ ಒಂದರ ಹಿಂದೊಂದು ಎದುರಾದವು. ಒಂದರ ಹೆಸರನ್ನೂ ಅವನು ಎತ್ತಲಿಲ್ಲ.

ಹೊಳೆಯ ಹತ್ತಿರ ಬಂದರೆ ಹೊಳೆಯೇ ಇಲ್ಲ. ನಡುವೆ ಒಂದು ಸಣ್ಣ ಹರಿವು, ಎರಡೂ ಕಡೆ ಕಪ್ಪು ಕೆಸರು. ಜೋಡುದೋಣಿ ಕೆಸರಿನಲ್ಲಿ ವಾರೆಯಾಗಿ ಕೂತಿತ್ತು, ಅಂಬಿಗರು ಅದರ ನೆರಳಿನಲ್ಲಿ ಮಲಗಿದ್ದರು. ಸಣ್ಣ ದೋಣಿಗಳೆಲ್ಲ ಮೀನಿಗೆ ಹೋಗಿದ್ದವು. ಸಮುದ್ರ ಇಳಿದರೆ ಹೊಳೆಯೂ ಇಳಿಯುತ್ತದಂತೆ. ಏರುವವರೆಗೆ ಕಾಯಬೇಕಂತೆ. ಆಚೆ ದಡದಲ್ಲಿ ಊರಿನ ಹೆಂಚುಗಳು ಕಾಣುತ್ತಿದ್ದವು. ಅದರಲ್ಲಿ ಯಾವುದೋ ಒಂದು ಹೆಂಚಿನ ಕೆಳಗೆ ನನ್ನ ಮಗಳಿದ್ದಳು.

ಯಜಮಾನರು ಪಂಚೆ ಮೇಲೆತ್ತಿ ಕಟ್ಟಿ ಕೆಸರಿಗೆ ಇಳಿದುಬಿಟ್ಟರು. ಕೆರೆಯ ಹೂಳಿನಲ್ಲಿ ಹುಟ್ಟಿ ಬೆಳೆದ ಕಾಲು, ಇದೇನು ಮಹಾ ಎಂದುಕೊಂಡಿರಬೇಕು. ನಾಲ್ಕು ಹೆಜ್ಜೆಗೆ ತೊಡೆಯವರೆಗೆ ಹೂತುಕೊಂಡರು. ಶೀನಣ್ಣ, ಅಂಬಿಗರು ಸೇರಿ ಹಗ್ಗ ಎಸೆದು ಎಳೆದರು. ದಡಕ್ಕೆ ಬಂದು, ಮೆತ್ತಿದ ಕೆಸರಿನ ಸಮೇತ ನನ್ನ ಪಕ್ಕ ಕುಳಿತರು. ಒಬ್ಬ ಅಂಬಿಗ, “ಅವಸರ ಮಾಡಿದ್ರೆ ನೀರ್ ಬತ್ತಾ ಅಜ್ಜ? ಅದರ್ ಹೊತ್ತಿಗೇ ಬಪ್ಪುದ್,” ಅಂದ.

ಈ ಮಾತನ್ನು ನಮ್ಮ ಯಜಮಾನರ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೆ. ಪೈರು ಬಾಡುತ್ತಿದೆ, ಒಂದು ಗಳಿಗೆ ತೂಬು ತೆಗಿಯಪ್ಪಾ ಎಂದು ಬಂದವರಿಗೆಲ್ಲ “ನಿನ್ ಸರದಿ ಬರ್ಲಿ ಹೋಗೋ” ಅನ್ನುತ್ತಿದ್ದವರು. ಅಣ್ಣತಮ್ಮಂದಿರಿಗೂ ಮುಂಚಿತವಾಗಿ ಬಿಟ್ಟವರಲ್ಲ. ಈಗ ಅವರು ಯಾರ ಕಾಲು ಹಿಡಿಯಬೇಕು? ಆ ನೀರಿಗೆ ನೀರುಗಂಟಿಯೇ ಇರಲಿಲ್ಲ. ಒಂದು ಕಡ್ಡಿಯನ್ನು ನೀರಿನ ಅಂಚಿಗೆ ಚುಚ್ಚಿ ಅದನ್ನೇ ನೋಡುತ್ತ ಕುಳಿತರು. ಬಿಸಿಲು ಇಳಿಯುತ್ತಿತ್ತು. ನೀರು ಕಡ್ಡಿ ಬಿಟ್ಟು ಇನ್ನಷ್ಟು ಹಿಂದೆ ಹೋಯಿತು.

ನನ್ನ ತಲೆಯಲ್ಲಿ ನಮ್ಮ ಬೀದಿಯ ಮನೆಗಳು ಸಾಲಾಗಿ ನಿಂತಿದ್ದವು. ನೀಲಿ ಬಾಗಿಲು, ನಿಂಗಿಯ ಜಗಲಿ, ಗೌರಕ್ಕನ ಬುಡ್ಡಿದೀಪ. ಅವುಗಳ ಪಕ್ಕದಲ್ಲಿ ಇನ್ನೊಂದು ಮನೆ ಏಳುತ್ತಿತ್ತು. ಅದನ್ನು ಮನಸ್ಸಿನಿಂದ ತಳ್ಳಲು, ಏನಾದರೂ ಶಬ್ದವಾಗಲಿ ಎಂದು, ಶೀನಣ್ಣನನ್ನು ಕೇಳಿದೆ: “ಈ ದಡದಲ್ಲಿ ಯಾರು ಹೋದ್ರಪ್ಪಾ? ಹೇಳು, ಇದೊಂದನ್ನ ಯಾಕೆ ಬಿಡ್ತೀಯ?”

ಅವನು ಟೋಪಿ ಕೈಯಲ್ಲಿ ಹಿಡಿದುಕೊಂಡು ನನ್ನ ಮುಖ ನೋಡಿದ. “ಇಲ್ಲಿ ಯಾರೂ ಸಾಯ್ಲಿಲ್ಲೆ ಅಮ್ಮ. ಇಲ್ಲಿ ನನ್ನ ತಮ್ಮ ಹುಟ್ಟಿದ್. ಅಮ್ಮನ ದೋಣಿ ಮೇಲೆ ದಾಟಿಸ್ತಾ ಇದ್ರ್, ನಡುನೀರಲ್ಲೇ ಆಯ್ತ್. ಅವನೂ ಅಡ್ಡವೇ ಇದ್ದದ್ದ್. ದೋಣಿ ಅಲ್ಲಾಡಿ ಅಲ್ಲಾಡಿ ಸಮ ಆಯ್ತ್ ಅಂತ ಅಜ್ಜಿ ಹೇಳ್ತಿದ್ದಳ್. ಈಗ ನನಗಿಂತ ಎತ್ತರ ಇದ್ದ.”

ಆ ದೋಣಿಯನ್ನು ನಾನು ಮನಸ್ಸಿನಲ್ಲಿ ಹಿಡಿದುಕೊಂಡೆ. ಅಲ್ಲಾಡುವ ದೋಣಿ, ಮಲಗಿದ ಹೆಂಗಸು, ಸಮವಾಗುವ ಮಗು. ಅದನ್ನೇ ಮತ್ತೆ ಮತ್ತೆ ಕಣ್ಣೆದುರಿಗೆ ತಂದುಕೊಳ್ಳುತ್ತ, ನನ್ನ ಮಗಳಿಗೂ ಹಾಗೇ ಆಗಲೆಂದು ಬೇಡಿಕೊಳ್ಳುತ್ತ ಕುಳಿತೆ. ಎಷ್ಟು ಹೊತ್ತಾಯಿತೋ, ಯಜಮಾನರು ನನ್ನ ಕೈ ಮುಟ್ಟಿ ಕಡ್ಡಿ ತೋರಿಸಿದರು. ಅದರ ಬುಡದಲ್ಲಿ ಒಂದು ಗೆರೆಯಷ್ಟು ನೀರು ಮಿನುಗುತ್ತಿತ್ತು.

“ಬಂತು ಕಣೇ,” ಅಂದರು.

ಆಮೇಲೆ ದೋಣಿ ಎದ್ದಿತು, ಕಾರು ದಾಟಿತು. ಆಸ್ಪತ್ರೆಯ ಮೆಟ್ಟಿಲ ಮೇಲೆ ಅಳಿಯ ನಿಂತಿದ್ದರು, ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದರು. ನಾನು ಅವರ ಮುಖ ಓದಲು ಹೋಗಲಿಲ್ಲ. ಒಳಗಿನಿಂದ ಆ ಗಂಟಲು ಕೇಳಿತು. ಮಧ್ಯಾಹ್ನವೇ ಹುಟ್ಟಿಬಿಟ್ಟಿದ್ದಳು. ನಾವು ಮರವಂತೆಯಲ್ಲಿ ತೂಬು ಹುಡುಕುತ್ತಿದ್ದ ಹೊತ್ತಿಗೆ ಡಾಕ್ಟರಮ್ಮ ಕೈಯಲ್ಲೇ ತಿರುಗಿಸಿ, ಕೊಯ್ಯದೆ, ಹೊರಗೆ ತಂದಿದ್ದರು. ನಾನು ಹೊಳೆಯ ದಡದಲ್ಲಿ ಬೇಡಿಕೊಂಡಿದ್ದೆಲ್ಲ ಅದಾಗಲೇ ಕೈಗೂಡಿದ್ದ ಕೆಲಸಕ್ಕೆ. ಬೇಡಿಕೊಂಡದ್ದು ವ್ಯರ್ಥವಾಯಿತು ಎಂದು ನನಗೆ ಅನ್ನಿಸಿಲ್ಲ.

ರತ್ನನ ಮುಖ ಹಿಂಡಿದ ಬಟ್ಟೆಯಂತಿತ್ತು. ಆದರೆ ಬಾಯಿ ಎಂದಿನಂತೆಯೇ ಇತ್ತು.

“ಇವರನ್ನ ಬಯ್ಬೇಡಮ್ಮ. ಕಳಿಸಿ ಅಂದೋಳು ನಾನೇ,” ಅಂದಳು. “ನೀನು ಆ ಬೆಂಚ್ ಮೇಲೆ ಕೂತಿದ್ದಿದ್ರೆ, ಬಾಗ್ಲು ತೆಗೆದಾಗೆಲ್ಲ ನಿನ್ ಮುಖದಲ್ಲಿ ನಂಗೆ ಗೌರದೊಡ್ಡಮ್ಮನೇ ಕಾಣ್ಸೋಳು.”

ನನಗೆ ಬೇಜಾರಾಗಬೇಕಿತ್ತು. ಆಯಿತು ಕೂಡ, ಸ್ವಲ್ಪ. ಆದರೆ ಆ ಬೆಳಗ್ಗೆಯೆಲ್ಲ ನಾನು ಶೀನಣ್ಣನ ಕಾರಿನಲ್ಲಿ ಕುಳಿತು ಬಂದವಳು. ರತ್ನ ನನ್ನ ಪಕ್ಕದಲ್ಲಿ ಇಪ್ಪತ್ತು ವರ್ಷ ಹೇಗೆ ಕುಳಿತಿದ್ದಳು ಎಂಬುದು ನನಗೆ ಚೆನ್ನಾಗಿ ಗೊತ್ತಾಗಿತ್ತು. ಗೌರಕ್ಕನ ಮಾತನ್ನು ಈ ಮೊಮ್ಮಗಳಿಗೂ ನಾನು ಹೇಳುತ್ತೇನೆ, ಬಿಡುವುದಿಲ್ಲ. ಆದರೆ ಹುಣಸೆಮರ ಹತ್ತಿ ಇಳಿಯಲು ಬಾರದೆ ಗೌರಕ್ಕ ಅರ್ಧ ದಿನ ಮೇಲೆಯೇ ಕುಳಿತಿದ್ದದ್ದನ್ನು ಮೊದಲು ಹೇಳುತ್ತೇನೆ. ಅದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಆಗ ಹಸಿವು ಬಂತು, ಎಲ್ಲರಿಗೂ ಒಟ್ಟಿಗೆ. ರತ್ನನ ಮಂಚದ ಪಕ್ಕ ನೆಲದ ಮೇಲೆ ಕುಳಿತು ಬುತ್ತಿ ಬಿಚ್ಚಿದೆ. ಅಳಿಯ, ಹೊರಗೆ ಕಾರಿನಲ್ಲಿದ್ದ ಶೀನಣ್ಣನನ್ನೂ ಕರೆತಂದರು. ರತ್ನನಿಗೆ ನರ್ಸು ಗಂಜಿ ಕೊಟ್ಟಿದ್ದಳು. ಅವಳು ಚಟ್ನಿಪುಡಿಯ ಕಡೆ ಕೈ ನೀಡಿದಾಗ ನಾನೂ ನರ್ಸೂ ಒಂದೇ ದನಿಯಲ್ಲಿ ಬೇಡ ಎಂದೆವು.

ಶೀನಣ್ಣ ರಾಗಿರೊಟ್ಟಿಯನ್ನು ಅನುಮಾನದಿಂದ ಮುರಿದು ಬಾಯಿಗಿಟ್ಟ. “ನಿನ್ ತಮ್ಮನಿಗೂ ಒಂದು ತಗೊಂಡು ಹೋಗಪ್ಪಾ,” ಅಂದೆ.

ಅವನು ಅಗಿಯುವುದನ್ನು ನಿಲ್ಲಿಸಿ ನೆಲ ನೋಡಿದ. “ನನಗೆ ತಮ್ಮ ಇಲ್ಲೆ ಅಮ್ಮ. ಮೂರೂ ಜನ ಅಕ್ಕಂದಿರೇ.”

ನಾನು ಅವನ ಎಲೆಗೆ ಇನ್ನೊಂದು ರೊಟ್ಟಿ ಹಾಕಿದೆ.

ಮಿಕ್ಕದ್ದನ್ನು ಹಂಚುವ ಕೆಲಸ ಯಜಮಾನರದು. ಕಾಲಿಗೆ ಮೆತ್ತಿದ ಕೆಸರು ಒಣಗಿ ಉದುರುತ್ತಿದ್ದರೂ, ತೂಬಿನ ಮೇಲೆ ಕುಳಿತಷ್ಟೇ ಗಂಭೀರವಾಗಿ, ಯಾರಿಗೂ ಹೆಚ್ಚಿಲ್ಲ ಕಡಿಮೆಯಿಲ್ಲ ಎಂದು ರೊಟ್ಟಿ ಮುರಿದು ಇಟ್ಟರು. ಇಟ್ಟ ಮೇಲೆ ನೋಡಿದರೆ ಒಂದು ಪಾಲು ಜಾಸ್ತಿ.

“ಇದ್ಯಾರ್ದು ರೀ?” ಅಂದೆ.

ಅವರು ತೊಟ್ಟಿಲ ಕಡೆ ಗದ್ದ ಎತ್ತಿದರು. “ಅವಳದು. ಸರದಿ ಇನ್ನೂ ಬಂದಿಲ್ಲ, ಇರ್ಲಿ.”

ಅವಳ ಸರದಿ ಬರಲು ಹಲ್ಲು ಮೂಡಬೇಕು. ಅಲ್ಲಿಯವರೆಗೆ ರೊಟ್ಟಿ ಕಾಯುವುದಿಲ್ಲ. ಆ ಪಾಲನ್ನು ನಾನೇ ತಿಂದೆ.