ಬೆಳ್ಳಕ್ಕಿಯ ರೆಕ್ಕೆ ಕೆಂಪಾಗುವುದೇಕೆ?

ನಮ್ಮ ದೊಡ್ಡಮ್ಮ ಪಿಸುಗುಟ್ಟಿದರೂ ಪಕ್ಕದ ಮನೆಯವರು ಓಗೊಡುತ್ತಾರೆ. ಆಸ್ಪತ್ರೆಯ ಲಾಂಡ್ರಿಯಲ್ಲಿ, ಒಗೆಯುವ ಯಂತ್ರಗಳ ಗದ್ದಲದ ನಡುವೆ ವರ್ಷಗಟ್ಟಲೆ ಮಾತಾಡಿ ಅವಳ ಗಂಟಲು ಹಾಗಾಗಿದೆ. ಒದ್ದೆ ಹಾಸುಬಟ್ಟೆಗಳನ್ನು ಬಿಸಿ ಉರುಳೆಗಳ ನಡುವೆ ತೂರಿಸಿ, ಆಚೆ ಗರಿಗರಿಯಾಗಿ ಬಂದದ್ದನ್ನು ಮಡಿಸುವುದು ಅವಳ ಕೆಲಸ. ದೊಡ್ಡಪ್ಪ ಸಿಟಿ ಬಸ್ ಡ್ರೈವರ್. ಅವಳು ಮನೆಗೆ ಬರುವ ಹೊತ್ತಿಗೆ ಅವರು ಹೊರಟಿರುತ್ತಿದ್ದರು. ಮಾತೆಂದರೆ 'ಊಟ ಆಯ್ತಾ', 'ಬೀಗ ಹಾಕಿದ್ಯಾ', ಅಷ್ಟೇ. ಜಗಳ ಆಡೋದಕ್ಕೂ ಪುರುಸೊತ್ತಿಲ್ಲದ ಸಂಸಾರ.

ದೊಡ್ಡಪ್ಪನಿಗೆ ಒಂದೇ ಒಂದು ಹುಚ್ಚು: 'ದೂರದ ದಡ' ಎಂಬ ಟಿವಿ ಧಾರಾವಾಹಿ. ಅದರಲ್ಲಿ 'ಬೆಳ್ಳಕ್ಕಿ' ಎಂಬ ಬಿಳಿ ನೌಕೆಯೊಂದು ನಕ್ಷತ್ರದಿಂದ ನಕ್ಷತ್ರಕ್ಕೆ ಜಿಗಿಯುತ್ತಿರುತ್ತದೆ. ಭಾನುವಾರ ಇಬ್ಬರೂ ಮನೆಯಲ್ಲಿದ್ದಾಗ ಅದು ಶುರುವಾದರೆ ದೊಡ್ಡಮ್ಮ, "ಬಂತಪ್ಪಾ, ಹಾರೋ ಡಬ್ಬ," ಎಂದು ಮೂಗು ಮುರಿದು ಒಳಗೆ ಹೋಗುತ್ತಿದ್ದಳು.

ಒಂದು ದಿನ ಲಾಂಡ್ರಿಯ ಒದ್ದೆ ನೆಲದಲ್ಲಿ ಜಾರಿ ಬಿದ್ದು ಕಾಲಿನ ಮೂಳೆ ಮುರಿದುಕೊಂಡಳು. ಪ್ಲಾಸ್ಟರ್ ಹಾಕಿ ಸೋಫಾದ ಮೇಲೆ ಮಲಗಿಸಿದರು. ಎದುರಿಗೇ ಟಿವಿ. ಎದ್ದು ಹೋಗುವ ಹಾಗಿಲ್ಲ. ಮೊದಲ ವಾರ ಬೈದುಕೊಂಡು ನೋಡಿದಳು, ಎರಡನೆಯ ವಾರ ಸುಮ್ಮನೆ ನೋಡಿದಳು. ಆಮೇಲೊಂದು ಮಧ್ಯಾಹ್ನ ನಾನು ಅವಳನ್ನು ನೋಡಿಕೊಂಡು ಹೋಗೋಣವೆಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಒಳಗಿಂದ ಗಂಡ ಹೆಂಡತಿಯ ಜೋರು ವಾಗ್ವಾದ!

"ರೀ, ಅಲ್ಲಿ ಗಾಳಿನೇ ಇಲ್ಲ ಅಂತ ನೀವೇ ಹೇಳಿದ್ರಿ. ಹಾಗಾದ್ರೆ ರೆಕ್ಕೆ ಯಾತಕ್ಕೆ?"

ಪ್ರಶ್ನೆ ಸಣ್ಣದೇನಲ್ಲ. ಪ್ರತಿ ಜಿಗಿತ ಮುಗಿದ ಕೂಡಲೇ ಬೆಳ್ಳಕ್ಕಿ ಎರಡು ದೊಡ್ಡ ರೆಕ್ಕೆ ಬಿಚ್ಚುತ್ತದೆ, ಅವು ನಿಧಾನವಾಗಿ ಕೆಂಪಗಾಗುತ್ತವೆ. ಯಾಕೆಂದು ಧಾರಾವಾಹಿಯಲ್ಲಿ ಅದುವರೆಗೆ ಯಾರೂ ಬಾಯಿಬಿಟ್ಟಿರಲಿಲ್ಲ.

"ಅದು ಹಾಯಿ ಕಣೇ, ದೋಣಿಗೆ ಇರುತ್ತಲ್ಲ, ಹಾಗೆ. ನಕ್ಷತ್ರದ ಬೆಳಕು ತಳ್ಳುತ್ತೆ," ಎಂದರು ದೊಡ್ಡಪ್ಪ.

"ಹಾಯಿ ಯಾಕ್ರೀ ಕೆಂಪಗಾಗುತ್ತೆ? ಆ ಕ್ಯಾಪ್ಟನ್ ಜಿಗಿದಾಗೆಲ್ಲ ಹಣೆ ಒರೆಸ್ಕೋತಾನೆ, ನೋಡಿಲ್ವಾ? ಒಳಗೆ ಸೆಕೆ! ಆ ಸೆಕೆನ ಆಚೆ ಹಾಕೋಕೇ ರೆಕ್ಕೆ."

"ಆಕಾಶ ಅಂದ್ರೆ ಕೊರೆಯೋ ಚಳಿ. ಸೆಕೆ ತಾನಾಗೇ ಹೋಗುತ್ತಪ್ಪ."

ದೊಡ್ಡಮ್ಮ ನನ್ನ ಕಡೆ ತಿರುಗಿದಳು. "ಬಂದ್ಯಾ? ಒಳಗಿಂದ ಫ್ಲಾಸ್ಕ್ ತಗೊಂಬಾ." ತಂದುಕೊಟ್ಟೆ. ಬೆಳಿಗ್ಗೆ ತುಂಬಿಸಿದ ನೀರು, ಮುಚ್ಚಳ ತೆಗೆದರೆ ಇನ್ನೂ ಹಬೆ. "ಇದರ ಎರಡು ಗೋಡೆ ಮಧ್ಯ ಏನಿದೆ? ಏನೂ ಇಲ್ಲ, ಗಾಳಿನೂ ತೆಗೆದುಬಿಟ್ಟಿರ್ತಾರೆ. ಸುತ್ತ ಏನೂ ಇಲ್ದಿದ್ರೆ ಶಾಖ ಯಾರ ಕೈ ಹಿಡ್ಕೊಂಡು ಆಚೆ ಹೋಗ್ಬೇಕು? ನಿಮ್ಮ ಬೆಳ್ಳಕ್ಕಿ ಅನ್ನೋದು ಫ್ಲಾಸ್ಕ್ ಒಳಗೆ ಕೂತಿರೋ ಒಲೆ ಕಣ್ರೀ!"

ದೊಡ್ಡಪ್ಪ ಕುರ್ಚಿಯನ್ನು ಸೋಫಾದ ಹತ್ತಿರಕ್ಕೆ ಎಳೆದುಕೊಂಡರು. "ಇನ್ನೊಂದ್ಸಲ ಹೇಳು," ಎಂದರು.

ಆ ಧಾರಾವಾಹಿಯ ಅಭಿಮಾನಿಗಳದ್ದೊಂದು ಗುಂಪು ಫೋನಿನಲ್ಲಿತ್ತು. ದೊಡ್ಡಪ್ಪನ ಜೊತೆ ನಾನೂ ಅದರಲ್ಲಿದ್ದೆ. ದೊಡ್ಡಮ್ಮನ ವಾದವನ್ನು ಅವಳ ದನಿಯಲ್ಲೇ ರೆಕಾರ್ಡ್ ಮಾಡಿ ಹಾಕಿದೆ. ಅದುವರೆಗೆ ಅಲ್ಲಿ ಹಾಯಿ ಪಕ್ಷ, ರೆಕ್ಕೆ ಇರುವುದು ಜಿಗಿದ ನೌಕೆಯ ವೇಗ ತಗ್ಗಿಸಲು ಎನ್ನುವ ಬ್ರೇಕ್ ಪಕ್ಷ ಎಂದು ಎರಡೇ ಬಣಗಳಿದ್ದವು. ಸಂಜೆಯೊಳಗೆ 'ಶಾಖ ಪಕ್ಷ' ಎಂಬ ಮೂರನೆಯದು ಹುಟ್ಟಿತು. ದೊಡ್ಡಮ್ಮನಿಗೆ 'ಇಸ್ತ್ರಿ ದೊಡ್ಡಮ್ಮ' ಎಂಬ ಬಿರುದೂ ಬಂತು.

ಬ್ರೇಕ್ ಪಕ್ಷದ ಮುಖಂಡ ಒಬ್ಬ ಹಲ್ಲಿನ ಡಾಕ್ಟರು. ಆಸಾಮಿ ನಗುನಗುತ್ತಲೇ ಬೇರಿಗೆ ಕೈ ಹಾಕುವವರು. ಅವರು ಕೇಳಿದರು: "ದೊಡ್ಡಮ್ಮ, ನಿಮ್ಮ ಮಾತು ಸರಿ ಅಂತಾನೇ ಇಟ್ಕೊಳ್ಳೋಣ. ಬಾಹ್ಯಾಕಾಶ ನಿಲ್ದಾಣಕ್ಕೆ ಬಂದು ನಿಂತಾಗಲೂ ನೌಕೆಯ ಎಂಜಿನ್ ಓಡ್ತಾನೇ ಇರುತ್ತೆ. ಆಗ ಯಾಕೆ ರೆಕ್ಕೆ ಬಿಚ್ಚಲ್ಲ?"

ದೊಡ್ಡಮ್ಮ ತಬ್ಬಿಬ್ಬಾದಳು. ಆದರೆ ಮುಖ ಮಾತ್ರ ಹಬ್ಬವಾಯಿತು. "ಎಂಥಾ ಪ್ರಶ್ನೆ ಕೇಳ್ಬಿಟ್ಟ ನೋಡೇ, ಬಂಗಾರದಂಥ ಪ್ರಶ್ನೆ!" ಎಂದು ನನ್ನ ಬೆನ್ನಿಗೆ ಗುದ್ದಿದಳು. ಊಟಕ್ಕೆ ಕೂತರೂ ಅದೇ, ಕೂದಲು ಬಾಚಿದರೂ ಅದೇ. ಪ್ಲಾಸ್ಟರ್ ಬಿಚ್ಚಿಸಿಕೊಂಡು ಕೆಲಸಕ್ಕೆ ಮರಳಿದ ಮೇಲೂ ಮಡಿಸಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದಳಂತೆ. ಉತ್ತರ ಕೊಟ್ಟವರು ದೊಡ್ಡಪ್ಪ, ಅವರಿಗೇ ಗೊತ್ತಿಲ್ಲದಂತೆ. ಹಳೆಯ ಎಪಿಸೋಡು ನೋಡುತ್ತಾ, "ಈ ನಿಲ್ದಾಣದವರಿಗೇನು ತಲೆ ಕೆಟ್ಟಿದ್ಯಾ? ಅಷ್ಟು ಹೊತ್ತು ಕೋಟು ಹಾಕ್ಕೊಂಡು ನಡುಗ್ತಿದ್ದವರು ಬೆಳ್ಳಕ್ಕಿ ಬಂದ ಕೂಡ್ಲೇ ಕೋಟು ತೆಗೀತಾರೆ," ಎಂದರು.

"ರೀ! ನಿಲ್ಲಿಸ್ರೀ! ಹಿಂದಕ್ಕೆ ತಗೊಳ್ಳಿ!"

ಹಿಂದಕ್ಕೆ ತೆಗೆದುಕೊಂಡು ನೋಡಿದರು. ಕೋಟು ತೆಗೆಯುತ್ತಿದ್ದರು. ಬೇರೆ ಎಪಿಸೋಡು ಹಾಕಿದರು. ಅಲ್ಲೂ ತೆಗೆಯುತ್ತಿದ್ದರು! ಅಂದರೆ ನೌಕೆ ತನ್ನ ಶಾಖವನ್ನು ಕೊಳವೆಗಳಲ್ಲಿ ನಿಲ್ದಾಣಕ್ಕೆ ಕೊಡುತ್ತಿದೆ, ರೆಕ್ಕೆಯ ಹಂಗೇ ಬೇಡ. ದೊಡ್ಡಮ್ಮನ ಈ ಉತ್ತರ ಕೇಳಿದ ಗುಂಪು ಹುಚ್ಚೆದ್ದು ಕುಣಿಯಿತು. ಡಾಕ್ಟರು ಒಂದೇ ಸಾಲು ಬರೆದರು: "ಬ್ರೇಕ್ ಪಕ್ಷಕ್ಕೆ ರಾಜೀನಾಮೆ ಕೊಟ್ಟಿದ್ದೇನೆ."

ಅಷ್ಟರಲ್ಲಿ ಸುದ್ದಿ ಬಂತು. ಮುಂದಿನ ಎಪಿಸೋಡಿನಲ್ಲಿ ಬೆಳ್ಳಕ್ಕಿಯ ಒಂದು ರೆಕ್ಕೆ ಮುರಿಯುತ್ತದಂತೆ! ಇನ್ನೇನು ಬೇಕು? ಹಾಯಿಯಾದರೆ ನೌಕೆ ವಾಲಬೇಕು, ಶಾಖವಾದರೆ ಒಳಗಿದ್ದವರು ಬೇಯಬೇಕು. ಭಾನುವಾರ ಬೆಳಿಗ್ಗೆ ಡಾಕ್ಟರ ಕ್ಲಿನಿಕ್ಕಿನಲ್ಲೇ ಎಲ್ಲರೂ ಸೇರಿದೆವು. ರೋಗಿಗಳು ಕಾಯುವ ಕೋಣೆ, ಗೋಡೆಯ ತುಂಬ ಹಲ್ಲಿನ ಚಿತ್ರಗಳು, ಕುರ್ಚಿ ಸಾಲದೆ ನೆಲದ ಮೇಲೂ ಜನ. ದೊಡ್ಡಮ್ಮ ಮುಂದಿನ ಸಾಲಿನಲ್ಲಿ ದೊಡ್ಡಪ್ಪನ ತೋಳು ಹಿಡಿದು ಕೂತಿದ್ದಳು. ಇಬ್ಬರೂ ಬೇರೆ ಬೇರೆ ಪಕ್ಷ ಎಂಬುದು ನೆನಪಿದ್ದ ಹಾಗೆ ಕಾಣಲಿಲ್ಲ.

ರೆಕ್ಕೆ ಮುರಿಯಿತು. ನೌಕೆ ಕೊಂಚ ವಾಲಿತು. "ವಾಲ್ತು, ವಾಲ್ತು!" ಎಂದು ಹಾಯಿ ಪಕ್ಷ ಎದ್ದು ನಿಂತಿತು. ಕ್ಯಾಪ್ಟನ್ ಹಣೆ ಒರೆಸಿಕೊಂಡ. "ಸೆಕೆ, ಸೆಕೆ!" ಎಂದು ಶಾಖ ಪಕ್ಷ ಚಪ್ಪಾಳೆ ತಟ್ಟಿತು. ಆಗ ನೌಕೆಯ ಮುಖ್ಯ ಎಂಜಿನಿಯರ್ ಕಣ್ಣೀರು ತುಂಬಿಕೊಂಡು ಹೇಳಿದಳು: "ಒಂದು ಕಿವಿ ಹೋಯಿತು, ಕ್ಯಾಪ್ಟನ್. ಇನ್ನು ನಮ್ಮ ಮನೆಯ ಕರೆ ನಮಗೆ ಕೇಳಿಸದು."

ಕಿವಿ! ರೆಕ್ಕೆಗಳು ಹಾಯಿಯೂ ಅಲ್ಲ, ಬ್ರೇಕೂ ಅಲ್ಲ, ಶಾಖ ಚೆಲ್ಲುವ ಹಲಗೆಗಳೂ ಅಲ್ಲ. ಬಿಟ್ಟುಬಂದ ಮನೆಯ ಕ್ಷೀಣ ಸಂದೇಶಗಳನ್ನು ಹಿಡಿಯುವ ಕಿವಿಗಳು.

ಎಪಿಸೋಡು ಮುಗಿದಾಗ ಎಲ್ಲರ ಕಣ್ಣೂ ದೊಡ್ಡಮ್ಮನ ಮೇಲೆ. ಡಾಕ್ಟರು ಸಮಾಧಾನ ಹೇಳಲು ಬಾಯಿ ತೆರೆದರು.

ದೊಡ್ಡಮ್ಮ ಜಿಗಿದೆದ್ದಳು. "ಕೇಳಿಸ್ಕೊಳ್ಳೋಕಾ! ಎಷ್ಟು ಚೆನ್ನಾಗಿದೆಯಲ್ರೀ! ನಮ್ಮಲ್ಲಿ ಒಬ್ಬರಿಗೂ ಹೊಳೀಲಿಲ್ವಲ್ಲ!" ಅವಳ ಕಣ್ಣಿನಲ್ಲಿ ನೀರು, ಬಾಯಿ ತುಂಬ ನಗು. ತಟ್ಟನೆ ನಗು ನಿಲ್ಲಿಸಿ ಡಾಕ್ಟರ ತೋಳು ಹಿಡಿದಳು. "ಆದ್ರೆ ಕಿವಿ ಯಾಕೆ ಕೆಂಪಗಾಗುತ್ತೆ? ಆ ಕೋಟು ತೆಗೆಯೋದು ಸುಳ್ಳಲ್ಲವಲ್ಲ? ಅಂದ್ರೆ ಶಾಖ ಇದೆ. ರೆಕ್ಕೇಲಿ ಹೋಗ್ತಿಲ್ಲ ಅಂದ್ರೆ ಎಲ್ಲಿ ಹೋಗ್ತಿದೆ?"

"ಅಯ್ಯೋ, ಹೌದಲ್ವಾ!" ಎಂದರು ಡಾಕ್ಟರು.

ಅಷ್ಟೇ. ಮೂರೂ ಪಕ್ಷಗಳು ಅಲ್ಲೇ ವಿಸರ್ಜನೆಯಾಗಿ ಹೊಸ ಪಕ್ಷಗಳು ಹುಟ್ಟಿದವು. ಕ್ಲಿನಿಕ್ಕಿನ ಬಾಗಿಲು ಹಾಕುವ ಹೊತ್ತಾದರೂ ಯಾರೂ ಏಳಲೊಲ್ಲರು.

ಈಗ ದೊಡ್ಡಮ್ಮ ಹಟ ಹಿಡಿದು ಬೆಳಗಿನ ಪಾಳಿ ಹಾಕಿಸಿಕೊಂಡಿದ್ದಾಳೆ, ದೊಡ್ಡಪ್ಪನ ಬಸ್ಸಿನಲ್ಲೇ ಕೆಲಸಕ್ಕೆ ಹೋಗುತ್ತಾಳೆ. ಅವರ ಬೆನ್ನ ಹಿಂದಿನ ಸೀಟು ಅವಳದು. ಬಸ್ಸು ಸಿಗ್ನಲ್ಲಿನಲ್ಲಿ ನಿಂತಾಗಲೇ ಮಾತು ಎಂಬ ಕರಾರು, ಆದರೆ ಅದನ್ನು ಪಾಲಿಸುವವರು ಯಾರು? ಮೊನ್ನೆ ನಾನೂ ಜೊತೆಗಿದ್ದೆ. "ಶಾಖನೇ ಇಂಧನ ಮಾಡ್ಕೋತಾರೆ ಅಂದ್ರೆ ಹೇಗ್ರೀ?" ಎಂದು ಅವಳು, "ಆಗಲ್ಲ ಕಣೇ, ಸ್ವಲ್ಪನಾದ್ರೂ ಉಳಿಯುತ್ತೆ," ಎಂದು ಅವರು. ಆಸ್ಪತ್ರೆಯ ನಿಲ್ದಾಣ ಹಿಂದಕ್ಕೆ ಸರಿದುಹೋಯಿತು.

"ಡ್ರೈವರಣ್ಣಾ, ಇಳಿಯೋದಿತ್ತು!" ಎಂದು ಹಿಂದಿನಿಂದ ನರ್ಸೊಬ್ಬಳು ಕೂಗಿದಳು. ದೊಡ್ಡಪ್ಪ ನಾಲಗೆ ಕಚ್ಚಿಕೊಂಡು ಬಸ್ಸನ್ನು ಬದಿಗೆ ತಂದರು. ಬೈಯಲೆಂದೇ ಮುಂದೆ ಬಂದ ನರ್ಸು, ಇಬ್ಬರ ವಾದ ಕಿವಿಗೆ ಬಿದ್ದದ್ದೇ ಬಾಗಿಲಿನ ಕಂಬಿ ಹಿಡಿದು ಇತ್ತ ತಿರುಗಿದಳು.

"ಬೆಳ್ಳಕ್ಕಿ ವಿಷಯಾನಾ? ಆ ಶಾಖ ನೀರಿನ ತೊಟ್ಟಿಗೆ ಹೋಗುತ್ತೆ, ನಾನು ಅವತ್ತೇ ಅಂದ್ಕೊಂಡೆ!" ಎನ್ನುತ್ತಲೇ ಕೆಳಗಿಳಿದಳು.

"ಯಾವ ತೊಟ್ಟಿ?" ಎಂದು ದೊಡ್ಡಮ್ಮ ಬ್ಯಾಗು ಎತ್ತಿಕೊಂಡು ಅವಳ ಹಿಂದೆಯೇ ದಡದಡ ಇಳಿದಳು.