ಮಾರೆವ್ವ ತಿರುಗಿಸಿದ ಫೋನು

ನಮ್ಮ ಬೇವೂರಿನ ಮಾರೆವ್ವನಿಗೆ ಮೂವತ್ತು ದಾಟಿದ್ದರೂ ಬುದ್ಧಿ ಮಾತ್ರ ಕೂಸಿನದು. ಮೈಯಲ್ಲಿ ಎತ್ತಿನ ಕಸುವು. ಅವಳ ತೊದಲು ಮಾತು ತಿಳಿಯುತ್ತಿದ್ದುದು ಪಕ್ಕದ ಮನೆಯ ಗೆಳತಿ ಜೈನಾಬಿಗೆ ಮಾತ್ರ. ಜೈನಾಬಿಯನ್ನು ದೂರದ ನವಲಿ ಊರಿಗೆ ಮದುವೆ ಮಾಡಿ ಕೊಟ್ಟಾಗ ಮಾರೆವ್ವ ಊಟ ಬಿಟ್ಟು ಗೋಡೆಗೆ ಹಣೆ ಚಚ್ಚಿಕೊಂಡಳು. ಕಡೆಗೆ ಜೈನಾಬಿಯೇ ಒಂದು ಹಳೆಯ ಫೋನು ತಂದುಕೊಟ್ಟು, ತನ್ನ ಫೋಟೊ ಒತ್ತಿದರೆ ತನಗೆ ವಿಡಿಯೊ ಕಾಲ್ ಬರುವಂತೆ ಮಾಡಿದಳು. ಸಂಜೆಯಾದರೆ ಇಬ್ಬರ ನಗು ಎದುರು ಮನೆಯಲ್ಲಿರುವ ನನಗೂ ಕೇಳುತ್ತಿತ್ತು.

ತಂದೆತಾಯಿ ತೀರಿಕೊಂಡ ಮೇಲೆ ಬುದ್ಧಿ ಬೆಳೆಯದವರಿಗೆ ಪಾಲಕರನ್ನು ಗೊತ್ತುಮಾಡುವ ಕೊಪ್ಪಳದ ಸರ್ಕಾರಿ ಸಮಿತಿ ಅವಳ ಅಣ್ಣ ಪಂಪಣ್ಣನನ್ನು ಪಾಲಕನನ್ನಾಗಿ ನೇಮಿಸಿತು. ಈ ಮಹಾರಾಯ ಆ ಆದೇಶವನ್ನು ಹೊಲದ ಪಹಣಿ ಎಂದೇ ತಿಳಿದ. ಮೊದಲೇ ಮಂಗ, ಮೇಲೆ ಹೆಂಡ ಕುಡಿಸಿದಂತಾಯಿತು.

"ಆಕಿ ನನ್ನ ಹೆಸರೀಲೆ ಅದಾಳ. ಹೊಡಿತೀನಿ, ಬಡಿತೀನಿ, ನಿಮಗೇನ್ರಿ?" ಅನ್ನುತ್ತಿದ್ದ.

ಒಂದು ದಿನ ಯಾವನೋ ಗುರುತಿಲ್ಲದವನು ವಿಡಿಯೊ ಕಾಲ್ ಮಾಡಿ ಸೆರಗು ತೆಗೆ ಎಂದ. ಆಟವೆಂದುಕೊಂಡು ಮಾರೆವ್ವ ತೆಗೆದಳು. ಪಂಪಣ್ಣ ಕಂಡ. ಹಿಡಿಯಬೇಕಾದದ್ದು ಆ ನಾಯಿಯನ್ನು, ಹೊಡೆದದ್ದು ತಂಗಿಯನ್ನು. ಬಾರುಕೋಲು ಮುರಿಯುವ ತನಕ ಹೊಡೆದ. ತುಟಿ ಸೀಳಿತು, ಒಂದು ಕಣ್ಣು ಮುಚ್ಚಿಹೋಯಿತು. ಫೋನು ಕಸಿಯಲು ಅವಳ ಬೆರಳು ತಿರುಚಿದಾಗ ಅವಳು ಅವನ ಮುಂಗೈ ಕಚ್ಚಿ, ಒನಕೆ ಎತ್ತಿ ತಲೆಗೆ ಬೀಸಿದಳು. ಓಣಿಯವರು ನಾವು ಬಾಗಿಲು ಒದ್ದು ಒಳಹೊಕ್ಕಾಗ ಇಬ್ಬರ ರಕ್ತವೂ ನೆಲದ ಮೇಲಿತ್ತು. ಅವನು ಅಲ್ಲೇ ಸತ್ತಿದ್ದರೂ ನಾನು ಅಳುತ್ತಿರಲಿಲ್ಲ.

ತಲೆಗೆ ಪಟ್ಟಿ ಕಟ್ಟಿಕೊಂಡು, ಕಿತ್ತಾಟದಲ್ಲಿ ಗಾಜು ಒಡೆದ ಫೋನನ್ನು ಪುರಾವೆಗೆ ಹಿಡಿದು, ಮಾರೆವ್ವನನ್ನೂ ಎಳೆದುಕೊಂಡು ಅವನೇ ಸಮಿತಿಗೆ ಹೋದ. ಸಾಕ್ಷಿ ಹೇಳಲು ನಾನೂ ಹೋದೆ.

"ಈಕಿ ಕೈಗೆ ಎಂದೂ ಫೋನ್ ಕೊಡಬಾರದು ಅಂತ ಆರ್ಡರ್ ಮಾಡ್ರಿ ಮೇಡಂ. ಫೋನಿನಿಂದ ಮಾನ ಹೋಗೇತಿ, ನನ್ನ ತಲೀನೂ ಒಡದೇತಿ."

"ಆಕಿ ಮುಖಕ್ಕೇನಾಗೇತಿ?" ಅಧಿಕಾರಿಣಿ ಕೇಳಿದರು.

"ಜಾರಿ ಬಿದ್ದಾಳ್ರಿ."

ನಾನು ಬಾಯಿ ತೆರೆದೆ. "ಓಣಿ ಮಂದಿಗೆ ನಮ್ಮ ಮ್ಯಾಲ ಹೊಟ್ಟಿಕಿಚ್ಚರಿ" ಎಂದು ಅವನು ಅಡ್ಡ ಬಂದ.

ಅಧಿಕಾರಿಣಿ ಒಡಕು ಫೋನನ್ನು ಮಾರೆವ್ವನ ಕೈಗೆ ಕೊಟ್ಟರು. "ಯಾರ ಜೋಡಿ ಮಾತಾಡ್ತೀಯವ್ವಾ? ತೋರಿಸು."

ಅವಳು ಫೋಟೊ ಒತ್ತಿದಳು. ಜೈನಾಬಿಯ ಮುಖ ಬಂತು.

"ಯಾ ಅಲ್ಲಾ! ಮಾರೀ, ಯಾರ್ ಹೊಡದಾರ ನಿನಗ?"

ಮಾರೆವ್ವ ಊದಿದ ಕೈಯಲ್ಲಿ ಫೋನು ಎತ್ತಿ, ಅಣ್ಣನ ಮುಖಕ್ಕೆ ತಿರುಗಿಸಿ ಹಿಡಿದಳು.

ಪಂಪಣ್ಣ ಹಾರಿ ಬಂದು ಎಲ್ಲರೆದುರೇ ಅವಳ ಕಪಾಳಕ್ಕೆ ಬಿಟ್ಟ. ಜವಾನರು ಅವನನ್ನು ನೆಲಕ್ಕೆ ಕೆಡವಿ ಹಿಡಿದರು. ನನ್ನ ಸಾಕ್ಷಿಗೆ ಕೆಲಸವೇ ಉಳಿಯಲಿಲ್ಲ.

"ಫೋನ್ ಆಕಿ ಕಡೇನ ಇರಲಿ, ಗುರುತಿನವರ ಕಾಲ್ ಅಷ್ಟ ಬರಲಿ" ಎಂದರು ಅಧಿಕಾರಿಣಿ. "ತಗೀಬೇಕಾಗಿರೋದು ನಿಮ್ಮ ಪಾಲಕತ್ವ."

ಈಗ ಸಮಿತಿ ನೇಮಿಸಿದ ಪಾಲಕಿ ನಾನು. ಮಾರೆವ್ವ ನನ್ನ ಕಟ್ಟೆಯ ಮೇಲೆ ಕೂತು ಜೈನಾಬಿಯೊಡನೆ ನಗುತ್ತಾಳೆ. ಪಂಪಣ್ಣ ಓಣಿಯಲ್ಲಿ ಕಂಡರೆ ನಗು ನಿಲ್ಲಿಸಿ ಫೋನನ್ನು ಅವನತ್ತ ತಿರುಗಿಸುತ್ತಾಳೆ, ಅವನು ಮರೆಯಾಗುವ ತನಕ ಕೈ ಇಳಿಸುವುದಿಲ್ಲ.