ಬೀಗರ ಮಾತು ಓದಿದ ದಿನ

ನನಗೆ ಆಗ ಅರವತ್ತೊಂಬತ್ತು. ಈಗ್ಗೆ ಎರಡು ವರ್ಷದ ಹಿಂದಿನ ಮಾತು. ಕಿವಿ ಎರಡೂ ಹೋಗಿದ್ದವು. ಪೂರ್ತಿ ಅಲ್ಲ, ಲಾರಿ ಹಾರನ್ ಕೇಳುತ್ತಿತ್ತು, ಸೊಸೆ ಕೇಳುತ್ತಿರಲಿಲ್ಲ. ಚನ್ನಗಿರಿಯಲ್ಲಿ ತೋರಿಸಿ ಹಾಕಿಸಿಕೊಂಡ ಕಿವಿ ಮಷಿನ್ ಸದಾ ಕುಯ್ ಅನ್ನುತ್ತಿತ್ತು. ತೆಗೆದು ಸಾಸಿವೆ ಡಬ್ಬಿಯ ಪಕ್ಕ ಇಟ್ಟೆ.

ಕಿವಿ ಕೇಳದವರಿಗೆ ಮನೆಯವರು ಮಾಡುವ ಅನ್ಯಾಯ ಒಂದೇ. ಅರ್ಧ ಗಂಟೆ ಮಾತಾಡಿ ಬಿದ್ದು ಬಿದ್ದು ನಗುತ್ತಾರೆ. ಏನಂತೆ ಎಂದರೆ, "ಏನಿಲ್ಲ ಬಿಡವ್ವ" ಅನ್ನುತ್ತಾರೆ. ಏನೂ ಇಲ್ಲದ್ದಕ್ಕೆ ಅಷ್ಟು ಹೊತ್ತು ನಗುವವರು ಹುಚ್ಚರಿರಬೇಕು.

ಮಗನ ಮಗಳು ನ್ಯಾಮತಿ ಬಸ್ ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟಿದ್ದಳು. ಜೆರಾಕ್ಸು, ಪಹಣಿ, ಅರ್ಜಿ ತುಂಬುವ ಕೆಲಸ. ಒಂದು ದಿನ ಲ್ಯಾಪ್‌ಟಾಪ್ ತಂದು ನನ್ನ ಮುಂದೆ ತೆರೆದಿಟ್ಟು, ಏನಾದರೂ ಮಾತಾಡು ಎಂದು ಸನ್ನೆ ಮಾಡಿದಳು.

"ಏನು ಮಾತಾಡ್ಲೇ, ಹುಚ್ಚಿ?" ಅಂದೆ.

ಪರದೆಯ ಕೆಳಗೊಂದು ಕಪ್ಪು ಪಟ್ಟಿಯಲ್ಲಿ ಅದೇ ಮಾತು ಬಿಳಿ ಅಕ್ಷರವಾಗಿ ಮೂಡಿತು, ಹುಚ್ಚಿ ಸಮೇತ. ಅವಳು ಮಾತಾಡಿದರೆ ಅವಳ ಮಾತೂ ಬಂತು.

"ಇದಕ್ಕೆಷ್ಟು ಕೊಟ್ಟೆ?"

"ಏನೂ ಇಲ್ಲ ಅಜ್ಜಿ. ಮಷಿನ್ ಒಳಗೇ ಐತೆ. ಕಿವಿ ಕೇಳದೋರಿಗೆ ಅಂತ್ಲೇ ಇಟ್ಟಿರ್ತಾರೆ. ಚಾಲೂ ಮಾಡ್ಬೇಕು ಅಷ್ಟೆ."

"ಹಂಗಾದ್ರೆ ಇಷ್ಟು ದಿನ ಯಾಕೆ ಮಾಡ್ಲಿಲ್ಲ?"

"ನನಗೂ ನಿನ್ನೆನೇ ಗೊತ್ತಾಗಿದ್ದು."

ಇಲ್ಲಿ ನನ್ನ ಓದಿನ ವಿಷಯ ಹೇಳಬೇಕು. ನಾನು ಅಕ್ಷರ ಕಲಿತದ್ದು ನಲವತ್ತು ದಾಟಿದ ಮೇಲೆ, ದೊಡ್ಡವರಿಗೆ ಕಲಿಸುವ ಕ್ಲಾಸಿನಲ್ಲಿ. ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ, ಗಟ್ಟಿಯಾಗಿ ಓದಬೇಕು. ಬಾಯಿ ಮುಚ್ಚಿದರೆ ನನ್ನ ಕಣ್ಣಿಗೆ ಓದಲು ಬರುವುದಿಲ್ಲ. ಬಸ್ಸಿನ ಬೋರ್ಡನ್ನೂ ಕೂಗಿಯೇ ಓದುತ್ತೇನೆ. ಜನ ತಿರುಗಿ ನೋಡುತ್ತಾರೆ, ನೋಡಲಿ.

ಆ ಹೊತ್ತಿಗೆ ಮೊಮ್ಮಗಳಿಗೆ ಜಗಳೂರು ಕಡೆಯ ಬಿಳಿಚೋಡಿನಿಂದ ಸಂಬಂಧ ಬಂತು. ಮಳೆ ನಂಬಿದ ಹೊಲ, ಒಂದಿಷ್ಟು ಕುರಿ. ಹುಡುಗ ಒಳ್ಳೆಯವನು, ಇವಳಿಗೂ ಹಿಡಿಸಿದ್ದ. ಅವಳದು ಒಂದೇ ಮಾತು, ಅದನ್ನೂ ಮಷಿನ್ ಮುಂದೆ ಕೂತು ಹೇಳಿದಳು: "ಅಂಗಡಿ ಬಿಡು ಅಂದ್ರೆ ನನಗೆ ಈ ಮದ್ವೆ ಬ್ಯಾಡ ಅಜ್ಜಿ. ಅಪ್ಪ ಕೇಳಾಕೆ ನಾಚ್ಕೋತಾನೆ. ನೀನು ಕೇಳು."

ನಮ್ಮಲ್ಲಿ ಮನೆಯ ಹಿರಿಯ ಹೆಂಗಸು ಹೂಂ ಅಂದು ಸಕ್ಕರೆ ಹಂಚುವವರೆಗೆ ಸಂಬಂಧದ ಮಾತು ಮುಗಿಯುವುದಿಲ್ಲ. ಕಿವಿ ಹೋದರೂ ಆ ಕುರ್ಚಿ ನನ್ನದೇ ಇತ್ತು.

ಬೀಗರಾಗುವವರು ಬಂದರು. ಹುಡುಗ, ಅವನ ತಾಯಿ, ಆಕೆಯ ತಮ್ಮ. ತಂದೆ ಇರಲಿಲ್ಲ, ಆದ್ದರಿಂದ ಸೋದರಮಾವನೇ ಯಜಮಾನ. ನನ್ನ ಮುಂದೆ ಸ್ಟೂಲ್ ಇಟ್ಟು ಲ್ಯಾಪ್‌ಟಾಪ್ ಇಟ್ಟರು. ಮಂಡಕ್ಕಿ, ಚಹಾ ಬಂತು. ಪಟ್ಟಿಯಲ್ಲಿ ಅಕ್ಷರ ಓಡಿದವು. ನಾನು ಬೆರಳಿಟ್ಟೆ.

"ನ-ಮ್ಮ ಕ-ಡೆ ಬಿಸ್-ಲು ಜಾ-ಸ್ತಿ."

ಕೆಳಗೆ ಮತ್ತೆ ಅದೇ ಬಂತು. ಓದಿದೆ. ಮತ್ತೆ ಬಂತು. ಮೂರನೆಯ ಸಲ ನನಗೆ ರೇಗಿತು. "ಎಷ್ಟು ಸಲ ಬಿಸ್ಲು ಬಿಸ್ಲು ಅಂತೀರಿ, ತಿಳೀತು ಬಿಡ್ರೀ!" ಅಂದೆ. ಅದನ್ನೂ ಬರೆಯಿತು.

ತಲೆ ಎತ್ತಿ ನೋಡಿದರೆ ಎಲ್ಲರೂ ಹೊಟ್ಟೆ ಹಿಡಿದುಕೊಂಡಿದ್ದರು. ಮೊಮ್ಮಗಳು ಬಂದು ನನ್ನ ಬಾಯಿ ತೋರಿಸಿ, ಮಷಿನ್ ತೋರಿಸಿದಳು. ನಾನು ಓದಿದ್ದನ್ನೇ ಅದು ಮತ್ತೆ ಬರೆಯುತ್ತಿತ್ತು. ಸೋದರಮಾವ ಒಂದೇ ಸಲ ಹೇಳಿದ್ದು.

ಅದರಿಂದ ಒಂದು ಅನುಕೂಲವಾಯಿತು. ನಾನು ಓದಿ ಮುಗಿಸುವವರೆಗೆ ಮುಂದಿನವರು ಮಾತಾಡುವಂತಿರಲಿಲ್ಲ, ಆಡಿದರೆ ಪಟ್ಟಿಯಲ್ಲಿ ಎರಡೂ ಕಲಸಿಹೋಗುತ್ತಿದ್ದವು. ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬೀಳುವುದು ನಿಂತಿತು.

"ಹುಡುಗಿ ಅಂಗಡಿ ನಡೆಸ್ತಾಳೆ. ಮದ್ವೆ ಆದ್ಮೇಲೂ ನಡೆಸ್ತಾಳೆ. ಏನಂತೀರಿ?" ಎಂದು ಕೇಳಿದೆ.

ಬಾಯಿ ಹಾಕಿದವನು ನನ್ನ ಮಗ.

"ಅ-ದೆ-ಲ್ಲಾ ಆ-ಮೇ-ಲೆ ನೋ-ಡ್ಕೊಂ-ಡ್ರಾ-ಯ್ತು," ಎಂದು ಓದಿದೆ. ಇಂಥ ಮಾತನ್ನು ಬೇಗ ಆಡಿದರೆ ಹಾಗೇ ದಾಟಿಹೋಗುತ್ತದೆ. ಅಷ್ಟು ನಿಧಾನ ಓದಿದರೆ ಅದರಲ್ಲಿ ಏನೂ ಇಲ್ಲವೆಂದು ಮಕ್ಕಳಿಗೂ ತಿಳಿಯುತ್ತದೆ. "ಆಮೇಲೆ ಅಂದ್ರೆ ಯಾವಾಗಲೋ? ಹಸೆಮಣೆ ಮೇಲಾ?" ಅಂದೆ. ಮಗ ಮಂಡಕ್ಕಿ ತಟ್ಟೆ ನೋಡಿದ.

ಆಗ ಹುಡುಗನ ತಾಯಿ ಏನೋ ಹೇಳುತ್ತಿದ್ದಂತೆ ಕಂಡಿತು. ಪಟ್ಟಿಯಲ್ಲಿ ಒಂದಕ್ಷರ ಇಲ್ಲ. ಆಕೆ ಗಂಡಸರ ಮುಂದೆ ಎಲ್ಲ ಹೆಂಗಸರೂ ಮಾಡುವಂತೆ ಬಾಯಿಗೆ ಸೆರಗು ಒತ್ತಿಕೊಂಡು ಮಾತಾಡುತ್ತಿದ್ದಳು.

"ಬಾಯಿ ಮೇಲಿನ ಬಟ್ಟೆ ತೆಗಿಯವ್ವಾ," ಅಂದೆ. "ಈ ಮಷಿನ್‌ಗೂ ನನ್ನಂಗೇ ಕಿವಿ ಮಂದ."

ಆಕೆ ತಮ್ಮನನ್ನು ನೋಡಿದಳು, ಮಗನನ್ನು ನೋಡಿದಳು. ಸೆರಗು ಇಳಿಸಿದಳು. ಅಕ್ಷರ ಬಂದವು.

"ಅಕ್-ಕ, ಸು-ಮ್ನಿ-ರು," ಎಂದು ಓದಿದೆ. ಅದು ತಮ್ಮನದು. ಗಟ್ಟಿಯಾಗಿ ಓದಿದ ಮೇಲೆ ಅವನೇ ಸುಮ್ಮನಾದ.

ಆಕೆಯದು ಆಮೇಲೆ ಬಂತು. "ಹೊಲಕ್ಕೆ ಹೋಗಾಕೆ ನಾನಿದೀನಿ. ಅವಳು ಅಂಗಡಿ ಇಡ್ಲಿ. ಆದ್ರೆ ನಮ್ಮೂರಾಗೇ ಇಡ್ಲಿ. ಒಂದು ಪಹಣಿಗೆ ಅಂತ ಜಗಳೂರಿಗೆ ಹೋಗಿ ಒಂದು ದಿನ ಕಳ್ಕೊಂತೀವಿ."

ಬಾಗಿಲಲ್ಲಿ ನಿಂತಿದ್ದ ಮೊಮ್ಮಗಳಿಗೆ, "ಬಿಳಿಚೋಡು ಆಗ್ತದೇನೇ?" ಅಂದೆ.

ಹುಡುಗಿ ನಾಚಿಕೊಳ್ಳಲಿ ಎಂದು ಎಲ್ಲರೂ ಕಾದರು. ಅವಳು ಸ್ಟೂಲ್ ಹತ್ತಿರ ಬಂದು ಮಷಿನ್‌ಗೆ ಹೇಳಿದಳು: "ಬೀದಿ ಕಡೆ ಬಾಗ್ಲಿರೋ ಕೋಣೆ ಐತಾ ಕೇಳು."

"ಐತೆ," ಅಂದಳು ಆಕೆ. "ಈಗ ಮೇವು ತುಂಬೈತೆ."

"ಖಾಲಿ ಮಾಡ್ತೀನಿ," ಎಂದ ಹುಡುಗ. ಆ ದಿನ ಅವನು ಆಡಿದ್ದು ಅದೊಂದೇ.

ಹೂಂ ಅಂದೆ. ಮಷಿನ್ ಅದನ್ನು ಬರೆಯಲಿಲ್ಲ, ಎಲ್ಲರೂ ಕೇಳಿಸಿಕೊಂಡರು. ಸಕ್ಕರೆ ಹಂಚಿದೆ.

ಅವರು ಹೋದ ಮೇಲೆ ಮಗ ನನ್ನ ಕಿವಿಗೆ ಬಾಯಿಟ್ಟು ಕೂಗಿದ. "ಮಾನ ಕಳೆದ್ಯಲ್ಲವ್ವ! ಮನೆ ನೋಡಾಕೆ ಗಂಡಸರು ಬರ್ತೀವಿ ಅಂತ ಹೇಳಿದೀನಿ. ಮುಂದಿನ ತಿಂಗಳು ನಾವು ನೋಡ್ಕೊಂಡು ಬರ್ತೀವಿ, ನೀನು ಸುಮ್ನೆ ಕೂತ್ಕೋ."

ಗಂಡಸರು ಮನೆ ನೋಡಲು ಹೋದರೆ ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು ಬರುತ್ತಾರೆ. ಕೋಣೆಯಲ್ಲಿ ಕರೆಂಟ್ ಇದೆಯೋ ಇಲ್ಲವೋ ನೋಡುವವರಲ್ಲ.

ಮಾರನೆಯ ದಿನ ಬೆಳಿಗ್ಗೆ ಮಗ ಏಳುವ ಮೊದಲೇ ಹೊನ್ನಾಳಿ ಬಸ್ ಹತ್ತಿದೆ. ದಾವಣಗೆರೆಯಲ್ಲಿ ಬದಲಿಸಿ ಬಿಳಿಚೋಡಿನಲ್ಲಿ ಇಳಿದು, ಬೀಗತಿಯ ಜೊತೆ ಆ ಕೋಣೆಯ ಮೇವನ್ನು ಅಂಗಳಕ್ಕೆ ಎಳೆದು ಹಾಕಿ, ಕಂಪ್ಯೂಟರ್ ಮೇಜು ಹಿಡಿಯುತ್ತದೆಯೋ ಎಂದು ಗೋಡೆಯನ್ನು ಗೇಣು ಹಾಕಿ ಅಳೆದೆ.